ಕ್ಯಾಂಪರ್ ಟ್ರೇಲರಿನ ಫ್ರಿಜ್‌ಗೆ ಗಾಳಿಯ ದಾರಿ

ಪ್ರಶ್ನೆ: ನಾವು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇವೆ. ನಮ್ಮ ಪುಟ್ಟ ಕ್ಯಾಂಪರ್ ಟ್ರೇಲರಿನ (ಕಾರಿನ ಹಿಂದೆ ಎಳೆದೊಯ್ಯುವ ಬಿಡಾರದ ಗಾಡಿ) ಪೆಟ್ಟಿಗೆಯಲ್ಲಿಟ್ಟ 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಬೇಸಿಗೆಯಲ್ಲಿ ಒಂದೇ ಸಮನೆ ಓಡುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗಿರುತ್ತದೆ. ಪರಿಹಾರವೇನು?

ಉತ್ತರ: ಫ್ರಿಜ್ ತನ್ನೊಳಗಿನ ಶಾಖವನ್ನು ಹೊರಕ್ಕೆ ಸಾಗಿಸುವ ಯಂತ್ರ. ಆ ಶಾಖ ಮುಚ್ಚಿದ ಪೆಟ್ಟಿಗೆಯಲ್ಲೇ ಉಳಿದರೆ, ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡು ಕಂಪ್ರೆಸರ್ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಮೊದಲು ಚಾಲೂ ಇರುವ ಫ್ರಿಜ್‌ನ ಜಾಲರಿಗಳ ಮುಂದೆ ತೆಳುವಾದ ಟಿಶ್ಯೂ ಕಾಗದ ಹಿಡಿದು ನೋಡಿ: ಗಾಳಿ ಒಳಹೋಗುವಲ್ಲಿ ಅದು ಅಂಟಿಕೊಳ್ಳುತ್ತದೆ, ಹೊರಬರುವಲ್ಲಿ ಹಾರುತ್ತದೆ. ಒಳಹೋಗುವ ಕಡೆ ಪೆಟ್ಟಿಗೆಯ ತಳಭಾಗದಲ್ಲಿ ಒಂದು ಕಿಂಡಿಯನ್ನೂ, ಹೊರಬರುವ ಕಡೆ ಮೇಲ್ಭಾಗದಲ್ಲಿ ಇನ್ನೊಂದನ್ನೂ ಕೊರೆಸಿ, ಮೇಲಿನದಕ್ಕೆ ಗಾಳಿಯನ್ನು ಹೊರದಬ್ಬುವಂತೆ 12 ವೋಲ್ಟ್‌ನ, 120 ಮಿಲಿಮೀಟರಿನ ಕಂಪ್ಯೂಟರ್ ಫ್ಯಾನ್ ಕೂರಿಸಿ. ಅದು ತಿನ್ನುವುದು ಕೆಲವೇ ವಾಟ್; ಬಿಸಿ ಏರಿದಾಗ ತಾನೇ ಚಾಲೂ ಆಗುವ ಥರ್ಮೋಸ್ಟಾಟ್ ಸ್ವಿಚ್ ಜೋಡಿಸಿದರೆ ಅಗತ್ಯವಿದ್ದಾಗಷ್ಟೇ ತಿರುಗುತ್ತದೆ.

ಬಹಳ ಜನ ಮರೆಯುವುದು ಎರಡು ಕಿಂಡಿಗಳ ನಡುವಿನ ತಡೆಯನ್ನು. ಫ್ರಿಜ್‌ಗೂ ಪೆಟ್ಟಿಗೆಯ ಗೋಡೆಗೂ ಮಧ್ಯೆ ಫೋಮ್ ಪಟ್ಟಿ ಅಂಟಿಸದಿದ್ದರೆ ಬಿಸಿಗಾಳಿ ಸುತ್ತಿಕೊಂಡು ಹಿಂದಿರುಗುತ್ತದೆ, ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಪ್ರಯೋಜನವಾಗದು. ನಿಮ್ಮ ಕಡೆಯ ಕೆಂಪು ಧೂಳಿನ ಕಚ್ಚಾ ರಸ್ತೆಗಳಿಗಾಗಿ ಕೆಳಗಿನ ಕಿಂಡಿಗೆ ತೊಳೆಯಬಹುದಾದ ಸ್ಪಂಜಿನ ಫಿಲ್ಟರ್ ಇರಲಿ. ಅದು ಕಟ್ಟಿಕೊಂಡರೆ ಕಿಂಡಿಯೇ ಇಲ್ಲದಂತೆ.

ಈ ಸಲಹೆ ಕಂಪ್ರೆಸರ್ ಫ್ರಿಜ್‌ಗೆ ಮಾತ್ರ. ಗ್ಯಾಸಿನಿಂದಲೂ ನಡೆಯುವ ಪೋರ್ಟಬಲ್ ಫ್ರಿಜ್‌ನಲ್ಲಿ ಆಗ ಜ್ವಾಲೆ ಉರಿಯುವುದರಿಂದ ಅದನ್ನು ಮುಚ್ಚಿದ ಜಾಗದಲ್ಲಿ ದಯವಿಟ್ಟು ಗ್ಯಾಸಿನ ಮೇಲೆ ನಡೆಸಬೇಡಿ.