ಡಾಲಿ (DALI, ತಂತಿಯ ಮೂಲಕ ಲೈಟುಗಳಿಗೆ ಆಜ್ಞೆ ಕಳಿಸುವ ವ್ಯವಸ್ಥೆ) ಲೈಟುಗಳೆಲ್ಲ ಕೆಲವು ರಾತ್ರಿ ತಾವಾಗಿಯೇ ಪೂರ್ತಿ ಉರಿಯುತ್ತವೆ, ಕೀಪ್ಯಾಡ್ ಒತ್ತಿದರೆ ಕೇಳುವುದಿಲ್ಲ. ಕಂಟ್ರೋಲರ್ ಬದಲಿಸಲೇ, ವೈಫೈ ಹಾಕಿಸಲೇ?

ಎರಡೂ ಬೇಡ. ಆ ರಾತ್ರಿಗಳಲ್ಲಿ ಮಳೆ ಬಂದಿತ್ತೇ ಎಂದು ಮೊದಲು ನೆನಪಿಸಿಕೊಳ್ಳಿ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಇದೇ ಆಗಿತ್ತು. ಮೂವತ್ನಾಲ್ಕು ಲೈಟೂ ನಡುರಾತ್ರಿ ಪೂರ್ತಿ ಹೊತ್ತಿಕೊಂಡವು, ಬೆಳಿಗ್ಗೆ ಹತ್ತರ ಹೊತ್ತಿಗೆ ತಾವೇ ಸರಿಹೋದವು. ಕಂಟ್ರೋಲರ್ ಕೆಟ್ಟರೆ ಹೀಗೆ ಬಿಸಿಲು ಬಂದ ಮೇಲೆ ಸರಿಹೋಗುವುದಿಲ್ಲ. ಎಲ್ಲ ಲೈಟುಗಳನ್ನೂ ಜೋಡಿಸುವ ಜೋಡಿ ತಂತಿಗೆ ಡಾಲಿ ಬಸ್ ಎನ್ನುತ್ತಾರೆ, ಆ ಎರಡು ತಂತಿಗಳ ನಡುವೆ ಸುಮಾರು 16 ವೋಲ್ಟ್ ಡಿಸಿ ಸದಾ ಇರಬೇಕು. ಅದು ಅರ್ಧ ಸೆಕೆಂಡಿನಷ್ಟು ಹೊತ್ತು ಬಿದ್ದುಹೋದರೆ ಪ್ರತಿಯೊಂದು ಡ್ರೈವರ್ (ಲೈಟಿಗೆ ಕರೆಂಟ್ ಕೊಟ್ಟು ಬೆಳಕು ನಿಯಂತ್ರಿಸುವ ಪೆಟ್ಟಿಗೆ) ತನ್ನೊಳಗಿರುವ ‘ಸಿಸ್ಟಮ್ ಫೇಲ್ಯೂರ್ ಲೆವೆಲ್’ಗೆ, ಅಂದರೆ ಬಸ್ ಸತ್ತಾಗ ಇರಬೇಕಾದ ಬೆಳಕಿನ ಮಟ್ಟಕ್ಕೆ ಹೋಗುತ್ತದೆ. ಕಾರ್ಖಾನೆಯಿಂದ ಬರುವಾಗ ಆ ಮೌಲ್ಯ 254, ಅಂದರೆ ಪೂರ್ತಿ ಬೆಳಕು. ಬಸ್ ಸತ್ತರೆ ಮನೆಯವರು ಕತ್ತಲಲ್ಲಿ ಉಳಿಯಬಾರದೆಂದು ಹೀಗೆ ಇಟ್ಟಿದ್ದಾರೆ. ನಿಮ್ಮ ಲೈಟುಗಳು ಮಾಡಬೇಕಾದ್ದನ್ನೇ ಮಾಡುತ್ತಿವೆ, ದೋಷ ಇರುವುದು ಬಸ್ಸಿನಲ್ಲಿ, ಅಂದರೆ ತಂತಿಯಲ್ಲೋ ಅದಕ್ಕೆ ಜೋಡಿಸಿದ ಯಾವುದೋ ಒಂದರಲ್ಲೋ.

ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೂ ಆ ಬಟನ್ ಒತ್ತುವ ಮನಸ್ಸಾಗುತ್ತದೆ. ಮಳೆಯ ನಡುವೆಯೇ ಲ್ಯಾಪ್‌ಟಾಪ್ ಜೋಡಿಸಿದೆ. ಸಾಫ್ಟ್‌ವೇರಿನಲ್ಲಿ ಮೂರು ಡ್ರೈವರ್ ಕಾಣಲಿಲ್ಲ. ಅವುಗಳ ಅಡ್ರೆಸ್ (ಪ್ರತಿ ಡ್ರೈವರಿನ ಗುರುತಿನ ಸಂಖ್ಯೆ) ಅಳಿಸಿಹೋಗಿರಬೇಕು ಎಂದುಕೊಂಡು ಎಲ್ಲವನ್ನೂ ರೀಸೆಟ್ ಮಾಡಿ ಹೊಸದಾಗಿ ಅಡ್ರೆಸ್ ಕೊಡುವ ಬಟನ್ ಒತ್ತಿದೆ. ಅದನ್ನು ಒತ್ತಿದಾಗ ಪ್ರತಿ ಡ್ರೈವರ್ 24 ಬಿಟ್‌ನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಹುಟ್ಟಿಸಿಕೊಳ್ಳುತ್ತದೆ. ಆ ಸಂಖ್ಯೆ ಚಿಕ್ಕದಿರುವ ಡ್ರೈವರ್ ಮೊದಲು ಸಿಗುತ್ತದೆ, ಸಿಕ್ಕ ಹಾಗೆ 0ಯಿಂದ 63ರೊಳಗಿನ ಅಡ್ರೆಸ್ ಹಂಚಿಕೆಯಾಗುತ್ತದೆ. ಅದಕ್ಕೂ ಲೈಟು ಇರುವ ಜಾಗಕ್ಕೂ ಸಂಬಂಧವೇ ಇಲ್ಲ. ಅಡುಗೆಮನೆಯ ಲೈಟಿನದಾಗಿದ್ದ ಅಡ್ರೆಸ್ 5 ಮೆಟ್ಟಿಲ ಲೈಟಿಗೆ ಹೋಯಿತು, ದೇವರಕೋಣೆಯ ಅಡ್ರೆಸ್ 12 ಬಚ್ಚಲಿನ ಲೈಟಿಗೆ ಬಂತು. ಗ್ರೂಪ್ (ಒಟ್ಟಿಗೆ ಉರಿಯುವ ಲೈಟುಗಳ ಗುಂಪು) ಮತ್ತು ಸೀನ್‌ಗಳು (ಮೊದಲೇ ಉಳಿಸಿಟ್ಟ ಬೆಳಕಿನ ಮಟ್ಟಗಳು) ಡ್ರೈವರಿನೊಳಗೇ ಇರುವುದರಿಂದ ರೀಸೆಟ್ ಜೊತೆಗೆ ಅವೂ ಅಳಿದವು.

ಇಷ್ಟಕ್ಕೇ ಮುಗಿಯಲಿಲ್ಲ. ವೋಲ್ಟೇಜ್ ಕುಸಿದಿದ್ದರಿಂದ ಆ ಮೂರು ಡ್ರೈವರ್‌ಗೆ ಆಜ್ಞೆ ಕೇಳಿಸಿರಲೇ ಇಲ್ಲ, ಅವು ಹಳೆಯ ಅಡ್ರೆಸ್ ಇಟ್ಟುಕೊಂಡೇ ಉಳಿದವು. ಮರುದಿನ ಒಣಗಿ ಎಚ್ಚರವಾದಾಗ ಒಂದೇ ಅಡ್ರೆಸ್ಸಿಗೆ ಎರಡೆರಡು ಲೈಟು. ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟರೆ ಸಂದೇಶ ಕಲಸಿಹೋಗುತ್ತದೆ. ಒಂದೊಂದನ್ನೇ ಮಿನುಗಿಸಿ, ಇದು ಯಾವ ಕೋಣೆಯದು ಎಂದು ನೋಡಿ ಬರೆದುಕೊಂಡು ಸರಿಮಾಡಲು ಎರಡು ದಿನ ಹಿಡಿಯಿತು. ಬಸ್ಸಿನ ದೋಷ ಸಿಗುವ ಮೊದಲು ಸಾಫ್ಟ್‌ವೇರಿನಲ್ಲಿ ಏನನ್ನೂ ಬರೆಯಬೇಡಿ, ಓದಿ ಅಷ್ಟೇ.

ಈಗ ಮೀಟರ್ ಹಿಡಿಯುವ ಕೆಲಸ. ಡಾಲಿ ತಂತಿ ಕಡಿಮೆ ವೋಲ್ಟೇಜಿನದಾದರೂ ಸುರಕ್ಷಿತ ವರ್ಗದ್ದಲ್ಲ. 230 ವೋಲ್ಟಿನ ಜೊತೆ ಒಂದೇ ಐದು ಕೋರ್ ಕೇಬಲಿನಲ್ಲಿ ಓಡಬಹುದು, ಹಾಗಾಗಿ ಕರೆಂಟ್ ತಂತಿಯೆಂದೇ ಭಾವಿಸಿ. ತಂತಿ ಬಿಚ್ಚುವ ಮುನ್ನ ಪ್ರತಿ ಸಲವೂ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಇಟ್ಟು ನೋಡಿ. ಈ ಕೆಲಸ ರೂಢಿಯಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ.

ದೋಷ ಇರುವ ಹೊತ್ತಿನಲ್ಲೇ ಡಿಬಿಯಲ್ಲಿ (ಎಂಸಿಬಿಗಳಿರುವ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ) ಎರಡು ಬಸ್ ತಂತಿಗಳ ನಡುವೆ ಡಿಸಿ ಅಳೆಯಿರಿ. ನನಗೆ 8 ವೋಲ್ಟ್ ಬಂತು. 9.5ಕ್ಕಿಂತ ಮೇಲಿದ್ದರೆ ಡ್ರೈವರ್ ಅದನ್ನು ‘ಹೈ’ ಎಂದು ಓದುತ್ತದೆ, 6.5ಕ್ಕಿಂತ ಕೆಳಗಿದ್ದರೆ ‘ಲೋ’ ಎಂದು. ನಡುವಿನದ್ದಕ್ಕೆ ಯಾವ ಭರವಸೆಯೂ ಇಲ್ಲ, ಒಂದು ಡ್ರೈವರಿಗೆ ಕೇಳುತ್ತದೆ, ಪಕ್ಕದ್ದಕ್ಕೆ ಕೇಳುವುದಿಲ್ಲ. ಮೂರು ಮಾತ್ರ ಕಾಣೆಯಾದದ್ದು ಇದರಿಂದ.

ಆಮೇಲೆ ಬಸ್ ಸಪ್ಲೈಯಿಂದ (ಬಸ್ಸಿಗೆ ವೋಲ್ಟೇಜ್ ಕೊಡುವ ಸಾಧನ) ಎರಡೂ ತಂತಿ ಬಿಚ್ಚಿ, ಕರೆಂಟ್ ಕೊಟ್ಟು ಸಪ್ಲೈಯ ಟರ್ಮಿನಲ್ಲನ್ನೇ ಅಳೆಯಿರಿ. 16ರ ಆಸುಪಾಸು ಬಂದರೆ ಸಪ್ಲೈ ಚೆನ್ನಾಗಿದೆ. ಬಸ್ಸನ್ನು ಎರಡು ಪಾಲು ಮಾಡಿ ಒಂದನ್ನಷ್ಟೇ ಜೋಡಿಸಿ. ವೋಲ್ಟೇಜ್ ಬೀಳುವ ಪಾಲನ್ನು ಮತ್ತೆ ಎರಡು ಮಾಡಿ. ಮೂವತ್ನಾಲ್ಕು ಲೈಟಿಗೆ ಆರು ಸಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ನನಗೆ ಸಿಕ್ಕಿದ್ದು ತೋಟದ ಕಂಬದ ಲೈಟು: ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವಲ್ಲಿ ನೀರು ತಡೆಯುವ ಬಿಗಿ) ಸಡಿಲವಾಗಿ ಡ್ರೈವರಿನೊಳಗೆ ನೀರು ನಿಂತಿತ್ತು. ಡಾಲಿ ಡ್ರೈವರ್ ಉತ್ತರ ಕೊಡುವುದೇ ಬಸ್ಸನ್ನು ಕ್ಷಣಕ್ಷಣ ಶಾರ್ಟ್ ಮಾಡುತ್ತಾ, ಆದ್ದರಿಂದ ಒಳಗಿನ ಆ ಭಾಗ ಕೆಟ್ಟ ಒಂದೇ ಡ್ರೈವರ್ ಇಡೀ ಮನೆಯ ಬಸ್ಸನ್ನು ಕೆಳಗೆ ಎಳೆದುಬಿಡಬಲ್ಲದು.

ಇನ್ಸುಲೇಶನ್ ಟೆಸ್ಟರಿನಲ್ಲಿ (ತಂತಿಯ ಹೊದಿಕೆ ಸೋರುತ್ತಿದೆಯೇ ಎಂದು ನೋಡುವ ಮೀಟರ್) 500 ವೋಲ್ಟ್ ಬಿಡುವುದಾದರೆ ಅದಕ್ಕೆ ಮೊದಲು ಡ್ರೈವರ್, ಕೀಪ್ಯಾಡ್, ಕಂಟ್ರೋಲರ್ ಎಲ್ಲವನ್ನೂ ತೆಗೆದಿಡಿ, ಇಲ್ಲದಿದ್ದರೆ ಅವು ಸುಟ್ಟುಹೋಗುತ್ತವೆ. ವೋಲ್ಟೇಜ್ ಕಮ್ಮಿ ಎಂದು ಇನ್ನೊಂದು ಸಪ್ಲೈ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಬಸ್ಸಿಗೆ ಒಟ್ಟು 250 ಮಿಲಿಆಂಪ್ ಮಿತಿ. ಮೀರಿದರೆ ಬಸ್ ಶಾರ್ಟ್ ಮಾಡುವ ಪ್ರತಿ ಡ್ರೈವರಿನ ಟ್ರಾನ್ಸಿಸ್ಟರ್ ಆ ಭಾರ ಹೊರಬೇಕಾಗುತ್ತದೆ. ಒಂದು ಡ್ರೈವರಿಗೆ ಬೇಕಾಗುವುದು 2 ಮಿಲಿಆಂಪ್ ಮಾತ್ರ, ಮೂವತ್ನಾಲ್ಕಕ್ಕೆ 68. ಮಳೆಯಿಲ್ಲದ ದಿನವೂ ಕೊನೆಯ ಲೈಟಿನಲ್ಲಿ ಮಾತ್ರ ವೋಲ್ಟೇಜ್ ಕಮ್ಮಿ ಎಂದಾದರೆ ಉದ್ದ ನೋಡಿ: 1.5 ಚದರ ಮಿಮೀ ತಂತಿಗೆ ಹೆಚ್ಚೆಂದರೆ 300 ಮೀಟರ್, 0.5ಕ್ಕೆ ಸುಮಾರು 100 ಮೀಟರ್.

ವೈಫೈ ಡ್ರೈವರ್ ಹಾಕಿಸಿದರೂ ಅದು ಅದೇ ನೀರಿನ ಪೆಟ್ಟಿಗೆಯಲ್ಲೇ ಕೂರುತ್ತದೆ. ನಾನು ತೋಟದ ಡ್ರೈವರುಗಳನ್ನು ವರಾಂಡದ ಸೂರಿನಡಿಗೆ ತಂದೆ, ಹೊರಗಿನ ಜಾಯಿಂಟುಗಳಲ್ಲಿ ಟೇಪು ಕಿತ್ತು ಜೆಲ್ ತುಂಬಿದ ಕನೆಕ್ಟರ್ ಹಾಕಿದೆ. ಡಿಬಿಯಲ್ಲಿ ಪ್ರತಿ ಕವಲಿಗೂ ಎಳೆದು ಬಿಡಿಸಬಹುದಾದ ಟರ್ಮಿನಲ್ ಇದೆ, ತೋಟದ್ದನ್ನು ಬಿಡಿಸಿದರೆ ಮನೆಯೊಳಗಿನ ಬಸ್ ಉಳಿಯುತ್ತದೆ. ಕವಲು ಎಷ್ಟಾದರೂ ಇರಲಿ, ತುದಿಗಳನ್ನು ಸೇರಿಸಿ ಉಂಗುರ ಮಾತ್ರ ಮಾಡಬೇಡಿ. ಹೊಸ ಡ್ರೈವರ್ ಹಾಕಿದಾಗ ಅಡ್ರೆಸ್ ಇಲ್ಲದ್ದಕ್ಕೆ ಮಾತ್ರ ಅಡ್ರೆಸ್ ಕೊಡುವ ಆಯ್ಕೆ ಬಳಸಿ, ಹಳೆಯ ಸಂಖ್ಯೆಯನ್ನೇ ಕೊಟ್ಟು, ಗ್ರೂಪ್ ಮತ್ತು ಸೀನ್ ಮತ್ತೆ ಬರೆಯಿರಿ. ಯಾವ ಸಂಖ್ಯೆ ಯಾವ ಲೈಟು ಎಂಬ ಪಟ್ಟಿಯನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿಡಿ.