ಓದುಗರ ಪ್ರಶ್ನೆಗೆ ಉತ್ತರ: ನೆರಳು ಯಾವ ಕಡೆಗೆ ಬೀಳಬೇಕು?

ಪ್ರಶ್ನೆ: ನಮ್ಮ ಯಕ್ಷಗಾನ ಮಂಡಳಿಯ ವಾರ್ಷಿಕೋತ್ಸವದ ಪೋಸ್ಟರ್‌ಗೆಂದು, ಮಾಟುಂಗದಲ್ಲಿ ನಡೆದ ಆಟದ ಫೋಟೋ ಒಂದನ್ನು ತೆಗೆದುಕೊಂಡು, ಬಣ್ಣದ ವೇಷ (ರಾಕ್ಷಸ ಪಾತ್ರ) ಮಾತ್ರ ಬಣ್ಣದಲ್ಲಿ ಉಳಿಯಬೇಕು, ಹಿನ್ನೆಲೆಯೆಲ್ಲ ಕಪ್ಪು-ಬಿಳುಪಾಗಬೇಕು ಎಂದು ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಪ್ರಯತ್ನಿಸಿದೆ. ಕಿರೀಟದ ಅಂಚು ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದೆ. ಅದೇ ಫೈಲ್‌ನ ಮೇಲೆ ಉಳಿಸಿದ್ದರಿಂದ ಮೂಲ ಚಿತ್ರವೂ ಹೋಯಿತು. ಸರಿಯಾದ ಕ್ರಮ ಯಾವುದು? (ಡೊಂಬಿವಲಿಯ ಓದುಗರು)

ಉತ್ತರ: ಮೊದಲು, ಫೋಟೋ ತೆಗೆದವರ ಕ್ಯಾಮೆರಾ ಅಥವಾ ಮೊಬೈಲ್‌ನಲ್ಲಿ ಮೂಲ ಪ್ರತಿ ಇದೆಯೇ ಎಂದು ಇಂದೇ ವಿಚಾರಿಸಿ. ಅದು ಸಿಕ್ಕರೆ ಮುಂದಿನ ಕೆಲಸ ಕಷ್ಟದ್ದಲ್ಲ. ನಿಮ್ಮ ತೊಂದರೆಗೆ ಕಾರಣ ಸಾಫ್ಟ್‌ವೇರ್ ಅಲ್ಲ. ಮೂಲ ಚಿತ್ರದ ಮೈಮೇಲೆಯೇ ಕೆಲಸ ಮಾಡಿದ್ದು. ಫೋಟೋಶಾಪ್‌ಗೆ 1994ರಲ್ಲಿ ಮೂರನೆಯ ಆವೃತ್ತಿಯ ಜೊತೆ ಲೇಯರ್‌ಗಳು ಬಂದ ಮೇಲೆ ಈ ವಿದ್ಯೆಯ ರೀತಿಯೇ ಬದಲಾಯಿತು. ಚಿತ್ರದ ಮೇಲೊಂದು ಪದರ, ಅದರ ಮೇಲೆ ಇನ್ನೊಂದು ಪದರ ಇಟ್ಟು, ಮೇಲಿನದನ್ನು ಎಷ್ಟು ತಿದ್ದಿದರೂ ಕೆಳಗಿನದು ಹಾಗೆಯೇ ಉಳಿಯುತ್ತದೆ. ಉಚಿತವಾಗಿ ದೊರೆಯುವ ಜಿಂಪ್‌ನಲ್ಲಿಯೂ ಇದೇ ಕ್ರಮ.

ಚಿತ್ರವನ್ನು ತೆರೆದು, ಲೇಯರ್‌ನ ಒಂದು ನಕಲು ಮಾಡಿಕೊಳ್ಳಿ. ಮೇಲಿನ ನಕಲಿಗೆ ಕಲರ್ಸ್ ಮೆನುವಿನ ಡಿಸ್ಯಾಚುರೇಟ್ ಆಜ್ಞೆ ಕೊಟ್ಟು ಕಪ್ಪು-ಬಿಳುಪು ಮಾಡಿ. ಅದೇ ಲೇಯರ್‌ಗೆ ಬಿಳಿ ಬಣ್ಣದ ಲೇಯರ್ ಮಾಸ್ಕ್ ಸೇರಿಸಿ. ಮಾಸ್ಕ್ ಎಂದರೆ ಪದರದ ಮುಂದೆ ಎಳೆದ ತೆರೆ ಎಂದು ತಿಳಿಯಿರಿ: ಅದರಲ್ಲಿ ಬಿಳಿ ಇರುವಲ್ಲಿ ಆ ಪದರ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗಿ ಕೆಳಗಿನ ಬಣ್ಣದ ಚಿತ್ರ ತೋರುತ್ತದೆ, ಬೂದು ಬಳಿದಲ್ಲಿ ಎರಡೂ ಬೆರೆತು ಕಾಣುತ್ತವೆ. ಈಗ ಮಾಸ್ಕ್ ಆಯ್ಕೆಯಾಗಿದೆಯೇ ಎಂದು ನೋಡಿಕೊಂಡು, ಕಪ್ಪು ಬ್ರಶ್‌ನಿಂದ ವೇಷಧಾರಿಯ ಮೇಲೆ ಬಳಿಯುತ್ತ ಹೋಗಿ. ಕೈ ಜಾರಿ ಹಿನ್ನೆಲೆಗೆ ಹೋದರೆ ಕೀಲಿಮಣೆಯ ಎಕ್ಸ್ ಒತ್ತಿದಾಗ ಕಪ್ಪು ಮತ್ತು ಬಿಳಿ ಅದಲುಬದಲಾಗುತ್ತವೆ. ಬಿಳಿಯಿಂದ ಬಳಿದರೆ ತಪ್ಪು ಅಳಿಸಿಹೋಗುತ್ತದೆ. ನಾಳೆ ಅಥವಾ ಮುಂದಿನ ವರ್ಷವೂ ತಿದ್ದಬಹುದು, ಆದರೆ ಅದಕ್ಕಾಗಿ ಕೆಲಸವನ್ನು ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿರಬೇಕು. ಜೆಪೆಗ್‌ನಲ್ಲಿ ಲೇಯರ್‌ಗಳು ಉಳಿಯುವುದಿಲ್ಲವಾದ್ದರಿಂದ, ಮುದ್ರಣಕ್ಕೆ ಕಳುಹಿಸುವಾಗ ಮಾತ್ರ ಬೇರೆ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿ.

ಇನ್ನು ಕಿರೀಟದ ಅಂಚು. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ ನೋಡಿದರೆ, ಕಿರೀಟದ ಹೊರಗೆರೆಯಲ್ಲಿ ಮಣಿಗಳ ಸಾಲು ಒಂದು ಕಡೆ ನಿಚ್ಚಳವಾಗಿರುತ್ತದೆ, ವೇಷಧಾರಿ ತಿರುಗುತ್ತಿದ್ದ ಕಡೆ ಅದೇ ಸಾಲು ಮಸುಕಾಗಿ ಹಿನ್ನೆಲೆಯಲ್ಲಿ ಕರಗಿರುತ್ತದೆ. ಇಡೀ ಅಂಚಿಗೆ ಒಂದೇ ಗಡಸಿನ ಬ್ರಶ್ ಬಳಸಿದ್ದರಿಂದಲೇ ಕತ್ತರಿಸಿದಂತೆ ಕಂಡಿದೆ. ನಿಚ್ಚಳವಾದ ಕಡೆ ಬ್ರಶ್‌ನ ಹಾರ್ಡ್‌ನೆಸ್ ಹೆಚ್ಚಿಟ್ಟುಕೊಳ್ಳಿ. ಮಸುಕಾದ ಕಡೆ ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಮೆತ್ತಗೆ ಬಳಿಯಿರಿ. ಆಟದ ಬೆಳಕು ಪೂರ್ತಿ ಕೆಂಪಾಗಿದ್ದರೆ ಸಾಮಾನ್ಯ ಡಿಸ್ಯಾಚುರೇಟ್ ಹಿನ್ನೆಲೆಯನ್ನು ಮಂಕಾಗಿಸಬಹುದು. ಆಗ ಅದರ ಬದಲು ಅದೇ ಮೆನುವಿನ ಮೋನೋ ಮಿಕ್ಸರ್‌ನಲ್ಲಿ ಕೆಂಪು, ಹಸಿರು, ನೀಲಿಗಳ ಪಾಲನ್ನು ನೀವೇ ನಿರ್ಧರಿಸಿ, ಪರದೆಯ ಮಡಿಕೆಗಳು ಬೇರೆಬೇರೆಯಾಗಿ ಕಾಣುವವರೆಗೆ ಹೊಂದಿಸಿ.

ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನ ಚುಟ್ಟಿ ಇರುತ್ತದೆಯಲ್ಲ, ಅದರ ಒಂದೊಂದು ಬಿಳಿಯ ಮುಳ್ಳನ್ನೂ ಕಲಾವಿದರು ಗಂಟೆಗಟ್ಟಲೆ ಕುಳಿತು ಇಟ್ಟಿರುತ್ತಾರೆ. ಚಿತ್ರ ಇನ್ನಷ್ಟು ಎದ್ದು ಕಾಣಲೆಂದು, ಅಂಚುಗಳನ್ನು ಚುರುಕಾಗಿಸುವ ಅನ್‌ಶಾರ್ಪ್ ಮಾಸ್ಕ್ ಎಂಬ ಸಾಧನವನ್ನು (ಇದು ಮೇಲೆ ಹೇಳಿದ ಲೇಯರ್ ಮಾಸ್ಕ್ ಅಲ್ಲ) ಹೆಚ್ಚಾಗಿ ಕೊಟ್ಟರೆ ಆ ಬಿಳಿಯ ಸುತ್ತ ಕಪ್ಪು ಬಳೆ ಮೂಡಿ, ಚುಟ್ಟಿ ಅಂಟಿಸಿದ ಸ್ಟಿಕ್ಕರ್‌ನಂತೆ ಆಗುತ್ತದೆ. ಅನ್‌ಶಾರ್ಪ್ ಮಾಸ್ಕ್ ಎಂಬ ಈ ವಿಚಿತ್ರ ಹೆಸರು ಬಂದದ್ದು ಹಳೆಯ ಡಾರ್ಕ್‌ರೂಮ್‌ನಿಂದ. ಅಲ್ಲಿ ನೆಗೆಟಿವ್‌ನ ಮಸುಕಾದ ಪ್ರತಿಯೊಂದನ್ನು ಮೂಲದೊಂದಿಗೆ ಜೋಡಿಸಿ ಮುದ್ರಿಸುತ್ತಿದ್ದರು. ಚಿತ್ರದ ಒಂದು ಭಾಗವನ್ನು ತಿಳಿಯಾಗಿಸುವ ಡಾಜ್, ಗಾಢವಾಗಿಸುವ ಬರ್ನ್ ಎಂಬ ಸಾಧನಗಳೂ ಅಲ್ಲಿಂದಲೇ ಬಂದವು: ಕಡ್ಡಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆಯಿಂದ ಬೆಳಕನ್ನು ತಡೆಯುವುದು ಡಾಜ್, ಅಂಗೈಯನ್ನು ಮಡಚಿ ಅದರ ಸಂದಿನಿಂದ ಹೆಚ್ಚು ಬೆಳಕು ಬಿಡುವುದು ಬರ್ನ್. ಫೋಟೋಶಾಪ್‌ನಲ್ಲಿ ಆ ಎರಡು ಸಾಧನಗಳ ಗುರುತಾಗಿ ಬಿಲ್ಲೆಯ ಕಡ್ಡಿ ಮತ್ತು ಮಡಚಿದ ಕೈ ಇರುವುದು ಇದೇ ಕಾರಣಕ್ಕೆ. ವೇಷದ ಕಣ್ಣುಗಳನ್ನು ತುಸು ತಿಳಿಯಾಗಿಸಲು ಅನ್‌ಶಾರ್ಪ್ ಮಾಸ್ಕ್‌ಗಿಂತ ಡಾಜ್ ಉತ್ತಮ. ಅದನ್ನೂ ಹತ್ತು ಶೇಕಡಾ ಸುಮಾರಿನ ಪ್ರಮಾಣದಲ್ಲಿ, ಕೆಳಗಿನ ಬಣ್ಣದ ಪದರದ ಇನ್ನೊಂದು ನಕಲು ಮಾಡಿ ಅದರ ಮೇಲೆಯೇ ಬಳಸಿ.

ಪ್ರಶ್ನೆ: ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗೆ ಶೀರ್ಷಿಕೆ ಟೈಪ್ ಮಾಡಿದರೆ ಒತ್ತಕ್ಷರಗಳು ಒಡೆದು ಬೇರೆಯಾಗಿ ಬೀಳುತ್ತವೆ. ಇನ್ನೊಂದು ಕಂಪ್ಯೂಟರ್‌ನಲ್ಲಿ ಸರಿಯಾಗಿ ಬಂದರೂ, ನೆರಳು ಕೊಟ್ಟ ಮೇಲೆ ಅಕ್ಷರಗಳನ್ನು ಓದುವುದೇ ಕಷ್ಟವಾಯಿತು. (ಚೆಂಬೂರಿನ ಓದುಗರು)

ಉತ್ತರ: ಒತ್ತಕ್ಷರ ಒಡೆಯುವುದು ಫಾಂಟ್‌ನ ದೋಷವಾಗಿರಲೇಬೇಕೆಂದಿಲ್ಲ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ, ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಯನ್ನು ಒಪ್ಪಿಕೊಂಡು, ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆದು, ಹೊಸ ಫೈಲ್‌ನಲ್ಲಿ ಟೈಪ್ ಮಾಡಿದರೆ ಸರಿಯಾಗುತ್ತದೆ. ಜಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಮೊದಲೇ ಸರಿಯಾಗಿ ಕೂಡಿಕೊಳ್ಳುತ್ತದೆ. ಶೀರ್ಷಿಕೆಗೆ ದಪ್ಪ ಅಕ್ಷರ ಬೇಕಿದ್ದರೆ ಬಾಲೂ ತಮ್ಮ ಅಥವಾ ಅನೇಕ್ ಕನ್ನಡ ಫಾಂಟ್‌ಗಳನ್ನು ನೋಡಿ. ಇವೆರಡನ್ನೂ ರೂಪಿಸಿದ ಏಕ್ ಟೈಪ್ ನಮ್ಮ ಮುಂಬಯಿಯದೇ ಸಂಸ್ಥೆ, ಎರಡೂ ಉಚಿತವಾಗಿ ದೊರೆಯುತ್ತವೆ.

ನೆರಳಿನ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಕಷ್ಟವಿದೆ. ‘ರಾಜ್ಯೋತ್ಸವ’ ಎಂದು ಬರೆದು ನೋಡಿ: ‘ತ್ಸ’ದಲ್ಲಿ ತಕಾರಕ್ಕೂ ಅದರ ಕೆಳಗಿನ ಸಕಾರದ ಒತ್ತಿಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ನೆರಳು ಬಲಕ್ಕೂ ಕೆಳಕ್ಕೂ ಸರಿದಾಗ ತಕಾರದ ನೆರಳು ಆ ಜಾಗವನ್ನೇ ತುಂಬಿಬಿಡುತ್ತದೆ, ಅಕ್ಷರ ಮುದ್ದೆಯಾಗುತ್ತದೆ. ಒತ್ತುಗಳಿಲ್ಲದ ಲಿಪಿಗಳನ್ನು ಮನಸ್ಸಿನಲ್ಲಿಟ್ಟು ಕೊಟ್ಟ ಮೊದಲೇ ಇರುವ ಅಳತೆಗಳು ನಮ್ಮ ಅಕ್ಷರಗಳಿಗೆ ಹೆಚ್ಚಾಗುವುದೇ ಜಾಸ್ತಿ. ಎರಡು ಸಾವಿರ ಪಿಕ್ಸೆಲ್ ಅಗಲದ ಪತ್ರಿಕೆಯಲ್ಲಿ ನೆರಳನ್ನು ನಾಲ್ಕೈದು ಪಿಕ್ಸೆಲ್ ಮಾತ್ರ ಸರಿಸಿ, ಮಸುಕನ್ನು ಎಂಟರಿಂದ ಹತ್ತು ಪಿಕ್ಸೆಲ್ ಇಟ್ಟು, ಅಪಾರದರ್ಶಕತೆಯನ್ನು (ಒಪಾಸಿಟಿ) ನಲವತ್ತು ಶೇಕಡಾದಿಂದ ಆರಂಭಿಸಿ, ‘ತ್ಸ’ವನ್ನೇ ನೋಡುತ್ತ ಹೊಂದಿಸಿ. 2025ರಲ್ಲಿ ಬಂದ ಜಿಂಪ್ 3.0ರಲ್ಲಿ ನೆರಳಿನ ಅಳತೆಗಳನ್ನು ಆಮೇಲೂ ಬದಲಾಯಿಸಬಹುದಾದ್ದರಿಂದ ಪ್ರಯೋಗಕ್ಕೆ ಹೆದರಬೇಕಿಲ್ಲ. ನೆರಳಿಗೆ ಅಚ್ಚ ಕಪ್ಪಿನ ಬದಲು ಹಿನ್ನೆಲೆಯದೇ ಗಾಢ ಛಾಯೆಯನ್ನು ಆರಿಸಿಕೊಳ್ಳಿ. ಹಳದಿಯ ಮೇಲೆ ಕಂದು, ಕೆಂಪಿನ ಮೇಲೆ ಕಡುಗೆಂಪು ಹೊಂದುತ್ತವೆ.

ಬೆಳಕಿನ ದಿಕ್ಕನ್ನೂ ನೋಡಿಕೊಳ್ಳಬೇಕು. ಪತ್ರಿಕೆಯಲ್ಲಿ ಭುವನೇಶ್ವರಿಯ ಚಿತ್ರವಿದ್ದು, ಅವಳ ಮುಖಕ್ಕೆ ಬಲಗಡೆಯಿಂದ ಬೆಳಕು ಬಿದ್ದಿದ್ದರೆ, ಅಕ್ಷರಗಳ ನೆರಳು ಎಡಕ್ಕೆ ಬೀಳಬೇಕು. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎಂದು ಕಣ್ಣು ಹೇಳುತ್ತದೆ. ನಾನು ನೋಡಿದ ಪೋಸ್ಟರ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋವನ್ನು ತಿದ್ದಿ ಎ4 ಅಳತೆಯಲ್ಲಿ ಮುದ್ರಣಕ್ಕೆ ಕೊಟ್ಟರೆ, ಅಂಗಡಿಯವರು ರೆಸಲ್ಯೂಶನ್ ಸಾಲದು ಎನ್ನುತ್ತಾರೆ. ಹೆಚ್ಚಿಸಬಹುದೇ? (ಪುಣೆಯ ಪಿಂಪ್ರಿಯ ಓದುಗರು)

ಉತ್ತರ: ಅವರು ಹೇಳುವುದು ಸರಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ4 ಪುಟಕ್ಕೆ 2480 ಅಗಲ, 3508 ಎತ್ತರದ ಪಿಕ್ಸೆಲ್‌ಗಳು ಬೇಕು. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ. ಸಾಫ್ಟ್‌ವೇರ್‌ನಲ್ಲಿ ಅಳತೆ ಹಿಗ್ಗಿಸಿದರೆ ಕಳೆದುಹೋದ ವಿವರ ಮರಳಿ ಬರುವುದಿಲ್ಲ. ಅದೇ ಫೋಟೋವನ್ನು ಡಾಕ್ಯುಮೆಂಟ್ ರೂಪದಲ್ಲಿ ಮತ್ತೊಮ್ಮೆ ಕಳುಹಿಸಲು ಹೇಳಿ. ಕಂಪ್ಯೂಟರ್‌ಗೆ ಜಿಂಪ್ ಹಾಕಿಕೊಳ್ಳಲು ಆಗದಿದ್ದರೆ, ಬ್ರೌಸರ್‌ನಲ್ಲಿಯೇ ನಡೆಯುವ ಫೋಟೋಪಿಯಾದಲ್ಲಿಯೂ ಮೇಲೆ ಹೇಳಿದ ಲೇಯರ್ ಮತ್ತು ಮಾಸ್ಕ್ ಕೆಲಸವನ್ನು ಮಾಡಬಹುದು. ಪರದೆಯ ಮೇಲೆ ಹೊಳೆಯುವ ನೀಲಿ ಮತ್ತು ಹಸಿರು ಮುದ್ರಣದ ಶಾಯಿಯಲ್ಲಿ ಮಂಕಾಗುವುದರಿಂದ, ಪೂರ್ತಿ ಪ್ರತಿಗಳನ್ನು ಅಚ್ಚಿಗೆ ಕೊಡುವ ಮೊದಲು ಒಂದೇ ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ಹಿಡಿದು ನೋಡಿ.