ಪ್ರಾವಿಡೆನ್ಸ್ ಸ್ಟೀಮ್‌ರೋಲರ್ಸ್ ತಂಡದ 1947–48ರ ದಾಖಲೆ: ಪ್ರತಿಕ್ರಿಯೆ

ನೀವು ನೋಡಿದ ಎರಡು ಪಟ್ಟಿಗಳಲ್ಲಿ ಒಂದು ಪ್ರಾವಿಡೆನ್ಸನ್ನೂ ಇನ್ನೊಂದು ಷಾರ್ಲೆಟನ್ನೂ ಅಮೆರಿಕದ ಎನ್‌ಬಿಎ ಲೀಗಿನ ಇತಿಹಾಸದ ಅತ್ಯಂತ ದುರ್ಬಲ ಬ್ಯಾಸ್ಕೆಟ್‌ಬಾಲ್ ತಂಡವೆಂದು ಹೇಳುವುದಕ್ಕೆ, ಒಂದು ಗೆಲುವಿನ ಸಂಖ್ಯೆಯನ್ನೂ ಇನ್ನೊಂದು ಶೇಕಡಾವಾರನ್ನೂ ಆಧರಿಸಿರುವುದೇ ಬಹುಶಃ ಕಾರಣ. ಮೊದಲು ಒಟ್ಟು ಪಂದ್ಯಗಳನ್ನು ನೋಡಿ: ಪ್ರಾವಿಡೆನ್ಸ್ 1947–48ರಲ್ಲಿ 48ರಲ್ಲಿ 6 ಗೆದ್ದಿತು, ಅಂದರೆ ಶೇ. 12.5, ಷಾರ್ಲೆಟ್ 2011–12ರಲ್ಲಿ 66ರಲ್ಲಿ 7 ಗೆದ್ದು ಶೇ. 10.6ಕ್ಕೆ ಇಳಿಯಿತು. ಬಳಿಕ ಹಳೆಯ ಋತುವನ್ನು ಬಿಎಎ (ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ) ಎಂಬ ಲೀಗಿನ ಹಳೆಯ ಹೆಸರಿನಲ್ಲಿ ಹುಡುಕಿ. ಲೀಗು ಎನ್‌ಬಿಎ ಆದದ್ದು 1949ರಲ್ಲಿ. ಪ್ರಾವಿಡೆನ್ಸ್‌ನ ತರಬೇತುದಾರ ನ್ಯಾಟ್ ಹಿಕಿಯ ಹೆಸರು ಆಟಗಾರರ ಸಾಲಿನಲ್ಲಿಯೂ ಕಂಡರೆ ತಪ್ಪೆಂದು ದಯವಿಟ್ಟು ಅಳಿಸಬೇಡಿ: ತಂಡ ಸೋಲುತ್ತಲೇ ಇದ್ದ ಆ ಋತುವಿನಲ್ಲಿ, ತಮ್ಮ 46ನೇ ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು ಅವರೇ ಅಂಗಳಕ್ಕಿಳಿದರು, ಮತ್ತು ಈ ಲೀಗಿನಲ್ಲಿ ಆಡಿದ ಅತಿ ಹಿರಿಯರೆಂಬ ಗೌರವ ಇಂದಿಗೂ ಅವರದೇ.